ಔಷಧಿ ಕಿಟಕಿಯ ಸಾಬ್ರು

ಅವರು ತೀರಿಕೊಂಡ ಸುದ್ದಿ ತಂದವನು ನನ್ನ ಹೆಂಡತಿಯ ತಮ್ಮ. ಔರಾದಿನಿಂದ ಬೆಳಗಿನ ಬಸ್ಸಿಗೆ ಬೀದರಿಗೆ ಬಂದವನು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದ:

"ಭಾವಾ, ನಿಮ್ಮ ಕಂಪೌಂಡರ್ ಸಾಬ್ರು ಹೋದ್ರರಿ. ಮೊನ್ನಿ ಶುಕ್ರವಾರ."

ಏನಾಗಿತ್ತು, ಎಷ್ಟು ದಿನ ಮಲಗಿದ್ದರು ಎಂದು ಡಾಕ್ಟರನಾದವನು ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಮಣ್ಣಿಗಿ ಎಷ್ಟ ಮಂದಿ ಬಂದಿದ್ರು?"

"ಏನ್ ಹೇಳ್ಲಿರಿ. ಬಾಜಾರಕ್ಕ ಬಾಜಾರ ಬಂದ್ ಇತ್ತು. ನಮ್ಮ ಎಕಂಬಾದಿಂದನೇ ಎರಡ ಗಾಡಿ ಹೋಗಿದ್ವು. ಹಿಂದೂ ಇಲ್ಲ, ಮುಸಲ್ಮಾನ ಇಲ್ಲ, ಎಲ್ಲಾರೂ ಹೆಗಲ ಕೊಟ್ರು."

ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನ ಪ್ರಶ್ನೆಯನ್ನೂ ಕೇಳಿದಳು, ಉತ್ತರವನ್ನೂ ಕೇಳಿದಳು. ನನ್ನ ಮುಖ ನೋಡಿ ಒಳಗೆ ಹೋದಳು. ಎಪ್ಪತ್ತು ದಾಟಿದ ಗಂಡನಿಗೆ ಇನ್ನೂ ಅದು ಹೋಗಿಲ್ಲವೆಂದು ಅವಳಿಗೆ ತಿಳಿಯಿತು. ನನಗೂ ತಿಳಿಯಿತು.

ಅವರ ಹೆಸರು ಬರೆಯುವುದಿಲ್ಲ. ನಾವಿಬ್ಬರೂ ಕೆಲಸ ಮಾಡಿದ ಊರಿನ ಹೆಸರೂ ಬೇಡ. ಭಾಲ್ಕಿ ತಾಲ್ಲೂಕಿನಲ್ಲಿ ನಿಜಾಮರ ಕಾಲದ ಒಂದು ಸಣ್ಣ ಸರ್ಕಾರಿ ದವಾಖಾನೆ ಅಂದರೆ ಸಾಕು. ಎರಡು ಕೋಣೆ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಬೇವಿನ ಮರ. ಒಂದು ಕೋಣೆಯಲ್ಲಿ ನಾನು. ಇನ್ನೊಂದರಲ್ಲಿ ಅವರು. ಅವರ ಕೋಣೆಗೆ ಹೊರಗಡೆಯಿಂದ ಒಂದು ಕಿಟಕಿ. ನಾನು ಚೀಟಿ ಬರೆದ ಮೇಲೆ ರೋಗಿಗಳು ಆ ಕಿಟಕಿಯ ಮುಂದೆ ನಿಂತು ಔಷಧಿ ತೆಗೆದುಕೊಳ್ಳಬೇಕು. ಬೀದರಿನ ಬಟ್ಟೆ ವ್ಯಾಪಾರಿಯ ಮಗನಾದ ನಾನು ಹೈದರಾಬಾದಿನಲ್ಲಿ ಐದು ವರ್ಷ ಓದಿ, ಪೊಲೀಸ್ ಆ್ಯಕ್ಷನ್ನಿಗೆ ಎರಡು ವರ್ಷ ಮೊದಲು ಅಲ್ಲಿಗೆ ಹೋದೆ. ಕುತ್ತಿಗೆಗೆ ಹೊಸ ಸ್ಟೆತಾಸ್ಕೋಪು, ತಲೆಯ ತುಂಬ ಓದಿದ ಸೊಕ್ಕು.

ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ಎತ್ತರದ ಆಳು, ಕಪ್ಪು ಕೋಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿರುತ್ತಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ನೂಲು ಕಟ್ಟಿತ್ತು. ಸಂತನೆಂದು ಯಾರೂ ತಿಳಿಯಬಾರದು. ಮಹಾ ಸಿಡುಕ. ರೋಗಿಗಳು ಮನೆಯಿಂದ ತಂದ ಬಾಟಲಿಯನ್ನು ಮೂಗಿಗೆ ಹಿಡಿದು, ಸೀಮೆಎಣ್ಣೆ ವಾಸನೆ ಬಂದರೆ ಕೂಗುತ್ತಿದ್ದರು: "ಇದೇನು ಘಾಸಲೇಟ್ ಬಾಟಲಿ ತಂದೀ? ನಿನಗ ಔಷಧಿ ಹಾಕ್ಲೋ, ಬತ್ತಿ ಹಾಕ್ಲೋ?" ಬಾಟಲಿ ತೊಳೆಸಿ, ಮಿಕ್ಸ್ಚರು ತುಂಬಿ, ಒಂದೊಂದು ಹೊತ್ತಿಗೆ ಇಷ್ಟೆಂದು ತೋರಿಸುವ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದವನ್ನು ಬಾಟಲಿಯ ಮೈಗೆ ಗೋಂದಿನಿಂದ ಅಂಟಿಸಿ, ಬಿರಡೆ ಹಾಕಿ, ಅಲ್ಲಾಡಿಸುತ್ತಿದ್ದರು. ಅಲ್ಲಾಡಿಸುವುದಕ್ಕೆ ಎಷ್ಟು ಹೊತ್ತು ಬೇಕು? ಅವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಬೇಕಾಗುತ್ತಿತ್ತು. ಕೆಲವರದನ್ನು ಎರಡು ಸಲ ಅಲ್ಲಾಡಿಸಿ ಕೊಟ್ಟುಬಿಡುತ್ತಿದ್ದರು. ಕೆಲವರ ಬಾಟಲಿ ಅವರ ಕೈಯಲ್ಲಿ ಕಾಲು ತಾಸು ಇರುತ್ತಿತ್ತು. ಆ ಕಾಲು ತಾಸಿನಲ್ಲಿ ಬಾಟಲಿಯ ಕಡೆ ನೋಡುತ್ತಲೇ ಒಂದು ಪ್ರಶ್ನೆ ಕೇಳುತ್ತಿದ್ದರು. ಏನಾಗುತ್ತದೆ, ಎಲ್ಲಿ ನೋಯುತ್ತದೆ ಎಂದಲ್ಲ. ಅದನ್ನು ಕೇಳುವುದು ನನ್ನ ಕೆಲಸವೆಂದು ಬಿಟ್ಟಿದ್ದರು.

"ಅದು ಬಂದಾಗ ಮನ್ಯಾಗ ಯಾರ್ಯಾರ ಇರ್ತಾರ?"

ಮೊದಲು ಸಾಯಗಾಂವದ ಕುರುಬನ ಸಂಗತಿ ಹೇಳುತ್ತೇನೆ.

ಮೂವತ್ತು ವರ್ಷದ ಗಟ್ಟಿ ಆಳು, ಬಲಗೈ ಜೋತುಬಿದ್ದಿತ್ತು. "ಕೈ ಏಳವಲ್ದರಿ ಡಾಕ್ಟರ್ ಸಾಬ್. ಹದಿನೈದ ದಿವ್ಸಾತು." ಸೂಜಿ ಚುಚ್ಚಿ ನೋಡಿದೆ. ಮಣಿಕಟ್ಟಿನ ತನಕ ಏನೂ ತಿಳಿಯದು. ಅದರ ಮೇಲಕ್ಕೆ ಚುಚ್ಚಿದರೆ ಹೌಹಾರಿದ. ಕೈಗವಸು ತೊಟ್ಟಷ್ಟು ಭಾಗ ಮಾತ್ರ ಸತ್ತಂತೆ ಇತ್ತು. ನರಗಳು ಹಾಗೆ ಹೋಗುವುದಿಲ್ಲ. ಇದು ನರದ ರೋಗವಲ್ಲ, ಮನಸ್ಸಿನದು ಎಂದು ನನ್ನ ಪುಸ್ತಕದಲ್ಲಿ ಇತ್ತು. ನಾನು ಸರಿಯಾಗಿಯೇ ಕಂಡುಹಿಡಿದೆ. ಕಂಡುಹಿಡಿದವನು ಮಾಡಿದ್ದೇನು? "ನಿನಗ ಏನೂ ಆಗಿಲ್ಲ. ಸುಮ್ನ ನಾಟಕ ಮಾಡಬ್ಯಾಡ" ಎಂದೆ.

"ನಾಟಕ ಮಾಡ್ಲಿಕ್ಕಿ ನನಗ ಪುರಸೊತ್ತ ಎಲ್ಲದರಿ? ಮನ್ಯಾಗ ನಲವತ್ತ ಕುರಿ ಅವ" ಎಂದು ಅವನು ಅಳುವ ಹಾಗಾದ.

ಮೈಗೆ ಹಚ್ಚುವ ಎಣ್ಣೆಯೊಂದನ್ನು ಬರೆದು ಕಿಟಕಿಗೆ ಅಟ್ಟಿದೆ. ಮುಂದಿನದು ನನಗೆ ಗೋಡೆಯಾಚೆಯಿಂದ ಕೇಳಿಸಿತು. ಕಂಪೌಂಡರರು ಬಾಟಲಿ ಅಲ್ಲಾಡಿಸುತ್ತ ಅವನ ಮನೆಯ ಮಂದಿಯನ್ನೆಲ್ಲ ಕೇಳುತ್ತಿದ್ದರು. ತಾಯಿ ಯಾರ ಹತ್ತಿರ ಇದ್ದಾಳೆ ಎಂದೂ ಕೇಳಿದರು. ಆಮೇಲೆ ಒಂದೊಂದೇ ಹೊರಬಿತ್ತು. ಕುರಿ ಪಾಲು ಮಾಡುವಾಗ ಅಣ್ಣನಿಗೆ ಇವನು ಕೈ ಎತ್ತಿ ಹೊಡೆದಿದ್ದ. ಹೊಡೆತದಿಂದ ಏನೂ ಆಗಿರಲಿಲ್ಲ. ಆದರೆ ವಾರದೊಳಗೆ ಅಣ್ಣ ಜ್ವರ ಬಂದು ಸತ್ತ. ಇಬ್ಬರ ನಡುವೆ ಮಾತು ಆಗಿರಲಿಲ್ಲ. ಅಣ್ಣನ ಮನೆಯಲ್ಲಿದ್ದ ತಾಯಿ ಅಂದಿನಿಂದ ಇವನ ಮುಖ ನೋಡಿರಲಿಲ್ಲ.

"ಈ ಎಣ್ಣಿ ನೀ ಹಚ್ಕೊಂಡ್ರ ನಡ್ಯಂಗಿಲ್ಲ" ಎಂದರು ಕಂಪೌಂಡರರು, ಬೈಯುವ ದನಿಯಲ್ಲಿ. "ನಿನ್ನ ಹೇಂತಿ ಹಚ್ಚಿದ್ರೂ ನಡ್ಯಂಗಿಲ್ಲ. ಹೆತ್ತಾಕಿ ಕೈಲೆ ತಿಕ್ಕಿಸ್ಕೋಬೇಕು. ಏಳ ದಿನ."

"ಅವ್ವ ಬಾಗಿಲಾ ತೆರ್ಯಂಗಿಲ್ಲರಿ ಸಾಬ್ರೆ."

"ತೆರಿಯೋ ತನಕ ಹೊರಗ ಕೂಡು. ಬಾಟಲಿ ಬಿಸಲಿಗಿ ಇಡಬ್ಯಾಡ, ಕೆಡ್ತದ."

ಎರಡು ದಿನ ಮುದುಕಿ ಬಾಗಿಲು ತೆರೆಯಲಿಲ್ಲವಂತೆ. ಮೂರನೆಯ ದಿನ ಬೈಯುತ್ತಲೇ ಬಾಟಲಿ ಕಸಿದುಕೊಂಡಳಂತೆ. ತಿಕ್ಕುವಾಗಲೂ ಬೈಗುಳ, ಅಣ್ಣನ ಹೆಸರು ಹೇಳಿ ಅಳು. ಐದನೆಯ ದಿನ ಅವನು ಅದೇ ಕೈಯಿಂದ ಅವಳ ಕಣ್ಣು ಒರೆಸಿದ್ದನಂತೆ. ಇಷ್ಟೆಲ್ಲ ಅವನೇ ಬಂದು ಹೇಳಿದ. ಬಂದವನ ಹೆಗಲ ಮೇಲೆ ಹೊಸ ಕಂಬಳಿ ಇತ್ತು. ಅದನ್ನು ಕಿಟಕಿಯೊಳಗೆ ತೂರಿಸಿದ. ನನ್ನ ಬಾಗಿಲ ಮುಂದೆ ಹಾದುಹೋಗುವಾಗ ವಾಸಿಯಾದ ಕೈಯೆತ್ತಿ ನನಗೊಂದು ಶರಣು ಹೇಳಿದ.

ಕಂಬಳಿ ನನಗೆ ಬೇಕಿರಲಿಲ್ಲ. ಆದರೂ ಅಂದು ಹೊಟ್ಟೆಯಲ್ಲಿ ಏನೋ ಕಿತ್ತಂತಾಯಿತು.

ಆಮೇಲೆ ಅದು ದಿನದ ಪಾಡಾಯಿತು. ಎದೆಯ ಕೆಳಗೆ ಉರಿ, ಹುಳಿ ತೇಗು. ಮೇಜಿನ ಡ್ರಾವರಿನಲ್ಲಿ ಸೋಡಾ ಪುಡಿ ಇಟ್ಟುಕೊಂಡೆ. ಒಮ್ಮೆ ನೀರಿಗೆ ಬೆರೆಸುತ್ತಿದ್ದಾಗ ಅವರು ಯಾವುದೋ ಚೀಟಿ ಹಿಡಿದು ಒಳಗೆ ಬಂದರು.

"ಊಟ ಆದ ಮ್ಯಾಲ ಉರೀತದೇನ್ರಿ?"

"ಹೌದು."

"ನೀವು ಊಟ ಮಾಡೋದು ಒಂದಕ್ಕ. ಪುಡಿ ತಗೊಳ್ಳೋದು ಹನ್ನೊಂದಕ್ಕ. ದಿನಾ ನೋಡ್ಲಿಕತ್ತೇನಿ."

ಅಷ್ಟೇ ಅಂದು ಹೋದರು. ಹನ್ನೊಂದಕ್ಕೆ ನನ್ನ ಕೋಣೆ ಖಾಲಿಯಾಗಿ ಅವರ ಕಿಟಕಿಯ ಮುಂದೆ ಪಾಳಿ ಬೇವಿನ ಮರದ ತನಕ ಬೆಳೆಯುವ ಹೊತ್ತು. ನನ್ನ ರೋಗಕ್ಕೆ ಕನ್ನಡದಲ್ಲಿ ಇರುವ ಹೆಸರು ಎಲ್ಲರಿಗೂ ಗೊತ್ತು. ನಮ್ಮ ಹಿಂದಿನವರು ಅದನ್ನು ಹೊಟ್ಟೆಯಲ್ಲೇ ಇಟ್ಟು ಹೆಸರಿಟ್ಟಿದ್ದಾರೆ. ಅಂದಿನಿಂದ ಪುಡಿಯನ್ನು ಮನೆಯಲ್ಲಿ ಕುಡಿದು ಬರತೊಡಗಿದೆ.

ಅವರು ತಪ್ಪಿದ್ದೂ ಉಂಟು. ಅದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ಚುರುಕಾಗುತ್ತದೆ, ಕ್ಷಮಿಸಬೇಕು. ಒಬ್ಬ ಮುದುಕಿಗೆ ಹೊಟ್ಟೆನೋವು. ನಾನು ಭಾಲ್ಕಿಗೆ ಹೋದ ದಿನ ಬಂದಿದ್ದಳು. ಮಗ ಬೇರೆ ಮನೆ ಮಾಡಿದ ದಿನದಿಂದ ನೋವು ಎಂದಳಂತೆ. ಕಂಪೌಂಡರರು ಔಷಧಿಯಿಲ್ಲದ, ಬರೀ ಬಣ್ಣ ಬೆರೆಸಿದ ಕೆಂಪು ನೀರು ಕೊಟ್ಟು, ಮಗನನ್ನು ಕರೆಸಿ ಬುದ್ಧಿ ಹೇಳಿ ಕಳಿಸಿದ್ದರು. ನಾಲ್ಕು ದಿನದ ಮೇಲೆ ಆಕೆಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದಾಗ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಒಳಗೆ ಕರುಳು ಒಡೆದಿತ್ತು. ಬೀದರ ಮುಟ್ಟುವ ಮೊದಲೇ ಹೋದಳು.

ನಾನು ಕಿಟಕಿಯ ಕೋಣೆಗೆ ಹೋಗಿ, ಹೊರಗೆ ನಿಂತ ಮಂದಿಗೆ ಕೇಳಿಸುವ ಹಾಗೆ ಅಂದೆ: "ಎಲ್ಲಾ ಮನಸಿನ ಬ್ಯಾನಿ ಅಂತ ತಿಳೀಬ್ಯಾಡ್ರಿ ಕಂಪೌಂಡರ್ ಸಾಬ್. ಮೈಗೂ ರೋಗ ಬರ್ತಾವ."

ಅವರು ಅಳತೆಯ ಗ್ಲಾಸನ್ನು ಕೆಳಗಿಟ್ಟು ಎದ್ದು ನಿಂತರು. "ಹೌದ್ರಿ" ಎಂದರು.

ಅಂದು ಮಧ್ಯಾಹ್ನ ನಾನು ಎರಡು ರೊಟ್ಟಿ ಹೆಚ್ಚು ಉಂಡೆ. ಹೊಟ್ಟೆ ಉರಿಯಲಿಲ್ಲ. ಒಬ್ಬ ಮುದುಕಿ ಸತ್ತ ದಿನ.

ಅವರಿಗೆ ಅದು ಹಾಗೆ ಮುಗಿಯಲಿಲ್ಲ. ಮಾರನೆಯ ದಿನದಿಂದ ಕಿಟಕಿಗೆ ನೇರವಾಗಿ ಬಂದ ಯಾರನ್ನೂ ಅವರು ಮಾತಾಡಿಸಲಿಲ್ಲ. "ಮೊದಲ ಒಳಗ ಹೋಗು. ಡಾಕ್ಟರ್ ಸಾಬ್ ಹೊಟ್ಟಿ ಒತ್ತಿ ನೋಡ್ಲಿ, ಎದಿ ಕೇಳ್ಲಿ. ಏನೂ ಇಲ್ಲ ಅಂದ್ರ ಆಮ್ಯಾಲ ನನ್ನ ಕಡಿ ಬಾ." ನಾನು ಏನೂ ಇಲ್ಲವೆಂದು ಬರೆದವರನ್ನು ಮಾತ್ರ ಅವರು ಕೇಳುತ್ತಿದ್ದರು. ದೊಡ್ಡ ಪಟ್ಟಣಗಳ ಆಸ್ಪತ್ರೆಗಳು ಈ ಕ್ರಮವನ್ನು ಕಲಿತದ್ದನ್ನು ನಾನು ಮುಂದೆ ಓದಿದೆ. ಆಗ ನನಗೆ ತೋರಿದ್ದು ಇಷ್ಟೇ. ಇನ್ನು ಮೇಲೆ ನಾನು ಏನೂ ಇಲ್ಲ ಅಂದವರೆಲ್ಲ ಅವರ ಹತ್ತಿರ ವಾಸಿಯಾಗುತ್ತಾರೆ!

ನನ್ನ ಹೆಂಡತಿಯ ವಿಷಯ ಬರೆಯಬಾರದೆಂದುಕೊಂಡಿದ್ದೆ. ಅವಳೇ ಬರೆಯಿರಿ ಅಂದಳು.

ಅವಳ ತವರು ಎಕಂಬಾ. ಪೊಲೀಸ್ ಆ್ಯಕ್ಷನ್ನಿಗೆ ಮೊದಲಿನ ವರ್ಷ ಹಳ್ಳಿಗಳಲ್ಲಿ ಹಾವಳಿ ಎದ್ದಿತ್ತು. ನಿಜಾಮರ ಪರ ನಿಂತ, ಖಾಕಿ ತೊಟ್ಟ ದಂಡು ಯಾವಾಗ ಯಾವ ಊರಿಗೆ ನುಗ್ಗುವುದೋ ತಿಳಿಯುತ್ತಿರಲಿಲ್ಲ. ದಾರಿಯಲ್ಲಿ ಗಾಡಿಗಳನ್ನು ತಡೆಯುತ್ತಿದ್ದರು. ಅಂಥ ಹೊತ್ತಿನಲ್ಲಿ ಅವಳ ತಾಯಿ ತೀರಿಕೊಂಡರೆಂದು ದವಾಖಾನೆಗೆ ಕಾಗದ ಬಂತು. ಹೇಳಿದರೆ ಹೋಗುತ್ತೇನೆಂದು ಹಟ ಹಿಡಿಯುತ್ತಾಳೆ, ದಾರಿಯಲ್ಲಿ ಏನಾದರೂ ಆದರೆ? ಕಾಗದವನ್ನು ಕೋಟಿನ ಕಿಸೆಯಲ್ಲಿ ಎರಡು ದಿನ ಇಟ್ಟುಕೊಂಡೆ. ಎರಡು ದಿನವೂ ಅವಳು ಬಡಿಸಿದ್ದನ್ನು ಉಂಡೆ, ನಕ್ಕೆ. ಮೂರನೆಯ ದಿನ ಹೇಳಿದೆ. ಅವಳು ಅಳಲಿಲ್ಲ. "ಎಂದ ಬಂತು ಇದು?" ಎಂದು ಮಾತ್ರ ಕೇಳಿದಳು.

ಅದರ ಮುಂದಿನ ತಿಂಗಳು ಅವಳಿಗೆ ಎದೆ ಬಡಿತ ಶುರುವಾಯಿತು. ಕೈಕಾಲು ತಣ್ಣಗಾಗಿ, ಗೋಡೆ ಹಿಡಿದು ಕೂತುಬಿಡುತ್ತಿದ್ದಳು. ಎದೆ ಕೇಳಿದೆ. ಗಡಿಯಾರದ ಹಾಗಿತ್ತು. ನಿದ್ದೆಗೆ ಔಷಧಿ ಕೊಟ್ಟೆ. ಏನೂ ಆಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತ ಬಂದು ಎರಡು ವಾರದಲ್ಲಿ ನಿಂತುಹೋಯಿತು. ನನ್ನ ಔಷಧಿ ಹಿಡಿಯಿತೆಂದು ನಾನು ಬೀಗಿದೆ. ಬೀದರಿನ ಅಪ್ಪನಿಗೂ ಬರೆದೆ.

ನಿಜ ತಿಳಿದದ್ದು ಯಾವುದೋ ಸಣ್ಣ ಜಗಳದಲ್ಲಿ.

"ನಿಮ್ಮ ಔಷಧಿ ನಾ ಮೋರಿಗಿ ಹಾಕೇನಿ. ನನಗ ಆರಾಮ ಮಾಡಿದ್ದು ಕಂಪೌಂಡರ್ ಕಾಕಾ."

ನಾನು ಭಾಲ್ಕಿಗೆ ಹೋಗಿದ್ದ ದಿನ, ಸೆರಗು ಹೊದ್ದು, ಎಲ್ಲರಂತೆ ಪಾಳಿಯಲ್ಲಿ ನಿಂತು ಕಿಟಕಿಗೆ ಹೋಗಿದ್ದಳು. ಡಾಕ್ಟರ್ ಎದೆ ಕೇಳಿದ್ದಾರೆಯೇ ಎಂದು ಮೊದಲು ಖಾತ್ರಿ ಮಾಡಿಕೊಂಡು, ಅವರು ಅದೇ ಪ್ರಶ್ನೆ ಕೇಳಿದ್ದರು. ಇವಳು ಹೇಳಿದ್ದು: "ಮನ್ಯಾಗ ಯಾರೂ ಇರಂಗಿಲ್ಲರಿ ಕಾಕಾ. ಇವ್ರು ಬಾಗಿಲಾ ದಾಟಿ ಒಳಗ ಬಂದ್ರ ಸಾಕು, ಶುರು ಆಗ್ತದ."

ಅವರು ಕೆಂಪು ನೀರು ಕೊಟ್ಟು ಹೇಳಿದರಂತೆ: "ಬೇಟಿ, ಇದು ದಿನಾ ಸಂಜಿಗಿ ಗಂಡ ಬಂದ ಕೂಡ್ಲೇ ಕುಡೀಬೇಕು. ಕುಡಿಯೋಕಿಂತ ಮೊದಲ ಅವ್ರನ್ನ ಕೇಳಬೇಕು, ಇವತ್ತ ಯಾವ ಕಾಗದ ಬಂದದ ಅಂತ. ಅವ್ರು ಹೇಳೋ ತನಕ ಒಂದ್ ಗುಟುಕೂ ನುಂಗಬ್ಯಾಡ."

ಹೌದು, ಆ ದಿನಗಳಲ್ಲಿ ಅವಳು ಸಂಜೆ ಸಂಜೆ ಕೇಳುತ್ತಿದ್ದಳು. ನಾನು ಕೋಟು ಕಳಚುತ್ತ, ಇಂಥ ಕಾಗದ ಬಂತು, ಇಂಥದು ಬರಲಿಲ್ಲ ಎಂದು ಹೇಳುತ್ತಿದ್ದೆ. ಗಂಡನ ಕೆಲಸದಲ್ಲಿ ಆಸಕ್ತಿ ಬಂತೆಂದು ಹಿಗ್ಗಿದ್ದೆ. ನನ್ನ ಕಿಸೆಯಲ್ಲಿ ಇನ್ನೇನು ಮುಚ್ಚಿಟ್ಟಿದ್ದೇನೋ ಎಂಬ ಹೆದರಿಕೆ ಅವಳ ಎದೆಯಲ್ಲಿ ಬಡಿಯುತ್ತಿದ್ದದ್ದು ಸ್ಟೆತಾಸ್ಕೋಪಿಗೆ ಕೇಳಿಸಿರಲಿಲ್ಲ.

ಅದನ್ನು ಕೇಳಿ ನನಗಾದದ್ದು ಪರಗಂಡಸಿನ ಮೇಲೆ ಗಂಡನಿಗೆ ಬರುವ ಸಂಶಯ ಅಲ್ಲ. ಅದಾದರೂ ಹತ್ತು ಮಂದಿಗೆ ತಿಳಿಯುವಂಥದು. ನನ್ನ ಹೆಂಡತಿಯ ಎದೆಯ ಮಾತು ಅವರಿಗೆ ಕಾಲು ತಾಸಿನಲ್ಲಿ ಸಿಕ್ಕಿತು. ನನಗೆ ಮೂರು ವರ್ಷವಾದರೂ ಸಿಕ್ಕಿರಲಿಲ್ಲ. ಮಾರನೆಯ ದಿನ ದವಾಖಾನೆಯಲ್ಲಿ ಅವರು ಎಂದಿನಂತೆ ಸಲಾಂ ಮಾಡಿದರು. ಏನೂ ಗೊತ್ತಿಲ್ಲದವರಂತೆ ಇದ್ದರು. ಆ ದೊಡ್ಡತನ ನನ್ನನ್ನು ಇನ್ನಷ್ಟು ಕುಟುಕಿತು.

ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ದಂಡು ಬಂತು, ನಿಜಾಮರ ಆಡಳಿತ ಮುಗಿಯಿತು. ನಮ್ಮ ಬೀದಿಯಲ್ಲಿ ಸಕ್ಕರೆ ಹಂಚಿದರು, ನಾನೂ ತಿಂದೆ. ಅದರ ಮರುದಿನಗಳಲ್ಲಿ ಆದದ್ದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾವಳಿಯಲ್ಲಿ ನೊಂದವರ ಸಿಟ್ಟು ಹಾವಳಿ ಮಾಡದವರ ಮೇಲೂ ಬಿತ್ತು. ಹಳ್ಳಿಗಳಲ್ಲಿ ಮುಸಲ್ಮಾನರ ಮನೆಗಳು ಖಾಲಿಯಾದವು.

ಕಂಪೌಂಡರರ ಅಣ್ಣ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ಅವನನ್ನು ನೋಡಿ ಬರುತ್ತೇನೆಂದು ಇವರು ಹೋದರು. ಆರನೆಯ ದಿನ ಹಿಂತಿರುಗಿ, ಕೋಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡು, ಹೊತ್ತಿಗೆ ಸರಿಯಾಗಿ ಕಿಟಕಿಯ ಹಿಂದೆ ಕೂತರು. ಮೊದಲ ರೋಗಿ ಬಾಟಲಿ ಕೊಟ್ಟ. ತುಂಬಿದರು, ಕಾಗದ ಅಂಟಿಸಿದರು. ಬಾಯಿ ತೆರೆದರು. ಸದ್ದು ಬರಲಿಲ್ಲ.

ಕೂಡಿಸಿ ಗಂಟಲು ನೋಡಿದೆ. ಕನ್ನಡಿ ಹಿಡಿದು ದನಿಯ ತಂತಿಗಳನ್ನೂ ನೋಡಿದೆ. ಸ್ವಚ್ಛವಾಗಿದ್ದವು. ಕೆಮ್ಮಲು ಹೇಳಿದೆ, ಕೆಮ್ಮಿದರು. ಕೆಮ್ಮಿನಲ್ಲಿ ದನಿ ಇತ್ತು. ಕೆಮ್ಮಿಗೆ ಬರುವ ದನಿ ಮಾತಿಗೆ ಬರುತ್ತಿಲ್ಲವೆಂದರೆ ಏನು ಅರ್ಥವೆಂದು ಪುಸ್ತಕ ಓದಿದವನಿಗೆ ಹೇಳಬೇಕಿಲ್ಲ. ಕುರುಬನ ಕೈಯನ್ನು ಗುರುತಿಸಿದ ಹಾಗೆ ಇದನ್ನೂ ಆ ಕ್ಷಣವೇ ಗುರುತಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ನಾನೊಂದು ಮಾತು ಕೇಳಬೇಕಿತ್ತು. ಅಣ್ಣ ಹೇಗಿದ್ದಾನೆ ಎಂದು ಕೇಳಿದ್ದರೂ ಸಾಕಿತ್ತು.

ಕೇಳಲಿಲ್ಲ. ಉತ್ತರ ಏನಿರಬಹುದೆಂಬ ಹೆದರಿಕೆ ಇತ್ತು, ನಿಜ. ಆದರೆ ಅದರ ಜೊತೆಗೆ ಇನ್ನೊಂದಿತ್ತು. ಕಿಟಕಿಯ ಮುಂದಿನ ಪಾಳಿ ಅಂದು ಸರಸರ ಕರಗಿತ್ತು. ಮೂಗ ಕಂಪೌಂಡರನಿಂದ ಬಾಟಲಿ ತೆಗೆದುಕೊಂಡು ಮಂದಿ ಹೊರಟುಹೋಗುತ್ತಿದ್ದರು. ಕೆಲವರು ತಿರುಗಿ ನನ್ನ ಕೋಣೆಗೆ ಬಂದು, "ಹ್ಯಾಂಗ ತಗೋಬೇಕರಿ ಇದನ್ನ?" ಎಂದು ಕೇಳುತ್ತಿದ್ದರು. ನಾನು ಸಮಾಧಾನವಾಗಿ, ಕೂಡಿಸಿಕೊಂಡು ಹೇಳುತ್ತಿದ್ದೆ.

ತಿಂಗಳಾದ ಮೇಲೆ ಬೀದರಿನಿಂದ ಹೊಸ ಅಧಿಕಾರಿಯೊಬ್ಬರು ಬಂದರು. ಹಳೆಯ ನೌಕರರಲ್ಲಿ ಯಾರು ಕೆಲಸಕ್ಕೆ ತಕ್ಕವರು, ಯಾರು ಅಲ್ಲ ಎಂದು ವರದಿ ಬೇಕಿತ್ತು. "ಈ ಮನುಷ್ಯನ ಬಗ್ಗೆ ಏನು ಹೇಳುತ್ತೀರಿ?" ಎಂದು ನನ್ನನ್ನೇ ಕೇಳಿದರು. ನಂಬಿಗಸ್ತ, ಯಾವ ಗಲಾಟೆಗೂ ಹೋದವನಲ್ಲ ಎಂದೆ. ಅದರಲ್ಲಿ ನಾನು ಸುಳ್ಳು ಹೇಳಲಿಲ್ಲವೆಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಮೈಯ ಬಗ್ಗೆ ಸರ್ಟಿಫಿಕೇಟು ಬರೆಯಬೇಕಾಗಿ ಬಂದಾಗ ಹೀಗೆ ಬರೆದೆ: ಗಂಟಲಿನ ಕಾಯಿಲೆಯಿಂದ ಮಾತು ನಿಂತಿದೆ. ವಾಸಿಯಾಗುವ ಲಕ್ಷಣವಿಲ್ಲ. ಔಷಧಿ ಕೊಡುವ ಕೆಲಸಕ್ಕೆ ತಕ್ಕವನಲ್ಲ.

ಆ ಹಾಳೆಯನ್ನು ಲಕೋಟೆಗೆ ಹಾಕಿ, ಅಂಟಿಸಿ ಬೀದರಿಗೆ ಮುಟ್ಟಿಸಲು ಅವರ ಕೈಗೇ ಕೊಟ್ಟೆ. ದವಾಖಾನೆಯ ಕಾಗದಗಳನ್ನು ಒಯ್ಯುವುದು ಅವರ ಕೆಲಸವಾಗಿತ್ತು.

"ಏನ್ ಬರದ್ರಿ?" ಎಂದಳು ಹೆಂಡತಿ.

"ಇದ್ದದ್ದ ಬರದೇನಿ."

ಅವಳು ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಅವರು ಕೆಲಸ ಕಳೆದುಕೊಂಡು, ಸಾಮಾನು ಗಾಡಿಗೆ ಹೇರಿ, ಮಗಳ ಊರಾದ ಔರಾದಿಗೆ ಹೊರಟ ದಿನ ಇವಳು ಬುತ್ತಿ ಕಟ್ಟಿಕೊಂಡು ಹೋಗಿ ಕೊಟ್ಟು ಬಂದಳು. ಗಾಡಿಯ ಹಿಂದೆ ಅರ್ಧ ಊರು ನಡೆಯಿತಂತೆ. ನಾನು ಹೋಗಲಿಲ್ಲ.

ಹೊಸ ಕಂಪೌಂಡರ್ ಬಂದ. ಎಲ್ಲರ ಬಾಟಲಿಯನ್ನೂ ಎರಡೇ ಸಲ ಅಲ್ಲಾಡಿಸಿ ಕೊಡುವ, ಹುಡುಗಾಟವಿಲ್ಲದ ಮನುಷ್ಯ. ಪಾಳಿ ಎಲ್ಲೂ ಉದ್ದವಾಗಲಿಲ್ಲ. ರೋಗಿಗಳೇ ಕಡಿಮೆಯಾದರು. ನನ್ನ ಹೊಟ್ಟೆಯ ಉರಿ ಮಾತ್ರ ಹೋಗಲಿಲ್ಲ, ಈಗ ಊಟವಾದ ಮೇಲೂ ಬರತೊಡಗಿತು.

ಇನ್ನೊಂದು ಇದೆ. ಕೆಲವು ವರ್ಷಗಳ ಮೇಲೆ ಬೀದರಿನಲ್ಲಿ ಹೊಸ ಡಾಕ್ಟರುಗಳ ಮುಂದೆ ಮಾತಾಡಲು ನನ್ನನ್ನು ಕರೆದಿದ್ದರು. ಮನಸ್ಸಿಗೂ ಮೈಯ ಬೇನೆಗೂ ಇರುವ ನಂಟಿನ ಬಗ್ಗೆ ಆಗ ಪತ್ರಿಕೆಗಳಲ್ಲಿ ಬರೆಯತೊಡಗಿದ್ದರು, ನಾನು ಓದುತ್ತಿದ್ದೆ. ಸಾಯಗಾಂವದ ಕುರುಬನ ಕಥೆ ಹೇಳಿದೆ. "ನಾನು ಅವನಿಗೆ ಕೇಳಿದೆ, ತಾಯಿ ಯಾರ ಹತ್ತಿರ ಇದ್ದಾಳೆ ಅಂತ" ಎಂದೆ. ನಾನು! ಚಪ್ಪಾಳೆ ಹೊಡೆದರು. ಕೆಳಗಿಳಿದು ಬಂದಾಗ ಒಬ್ಬ ಹುಡುಗ ಡಾಕ್ಟರು, "ನಿಮಗೆ ಹ್ಯಾಂಗ ಹೊಳೀತ್ರಿ ಸರ್ ಆ ಪ್ರಶ್ನೆ?" ಎಂದು ಕಣ್ಣರಳಿಸಿ ಕೇಳಿದ. ಅವರನ್ನು ಕೆಲಸದಿಂದ ತೆಗೆಸಿದ್ದಕ್ಕಿಂತ ಹೆಚ್ಚಾಗಿ ಈ ಕಳವು ನನ್ನನ್ನು ಔರಾದಿಗೆ ಎಳೆಯಿತೆಂದರೆ ನಾನೆಂಥವನೆಂದು ನೀವೇ ಲೆಕ್ಕ ಹಾಕಿ.

ಹೈದರಾಬಾದ ರಾಜ್ಯ ಇನ್ನೂ ಒಡೆದು ಹಂಚಿಹೋಗಿರಲಿಲ್ಲ. ಔರಾದಿನ ಬಾಜಾರದಲ್ಲಿ ಅವರ ಅಳಿಯನ ದರ್ಜಿ ಅಂಗಡಿ. ಅಂಗಡಿಯ ಕಟ್ಟೆಯ ಮೇಲೆ ಕೂತು ಅವರು ಅಂಗಿಗಳಿಗೆ ಕಾಜಾ ಮಾಡುತ್ತಿದ್ದರು. ಗುಂಡಿ ತೂರುವ ತೂತಿನ ಸುತ್ತ ನೂಲು ಹೊಲಿಯುವ ಆ ಕೆಲಸಕ್ಕೆ ಸಣ್ಣ ಕಣ್ಣು ಬೇಕು, ಸಾವಕಾಶ ಬೇಕು. ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅಂಗಿ ಹೊಲಿಸಲು ಬಂದವಳಲ್ಲ. ಆಕೆಯ ಹಿಂದೆ ಇನ್ನಿಬ್ಬರು ಕಾದಿದ್ದರು. ಅವರು ಸೂಜಿಯ ಕಡೆ ನೋಡುತ್ತಲೇ ಆಕೆಯನ್ನು ಏನೋ ಕೇಳಿದರು. ದನಿ! ಅದೇ ಸಿಡುಕು ದನಿ. ನನ್ನ ಹೊಟ್ಟೆ ಚುರ್ರೆಂದಿತು. ಕ್ಷಮೆ ಕೇಳಲು ಬಂದವನಿಗೆ ಮೊದಲು ಆದದ್ದು ಅದು.

ನನ್ನನ್ನು ನೋಡಿ ಸೂಜಿ ನಿಲ್ಲಿಸಿದರು. "ಬರ್ರಿ ಡಾಕ್ಟರ್ ಸಾಬ್. ಕೂಡ್ರಿ."

ಕಾದಿದ್ದವರನ್ನು ಆಮೇಲೆ ಬರಲು ಹೇಳಿದರು. ದನಿ ಎಂದು ಬಂತು ಎಂದು ಕೇಳಿದೆ.

"ನನ್ನ ಮಗಳದಾಳಲ್ಲ, ಅಕಿ ತಂದ್ಳು. ದಿನಾ ರೊಟ್ಟಿ ಮಾಡ್ಕೋತ ದೊಡ್ಡಪ್ಪನ ಸುದ್ದಿ ತೆಗೀತಿದ್ಳು. ಹಂಗ ಇದ್ದ, ಹಿಂಗ ಇದ್ದ ಅಂತ. ಎಲ್ಲಾ ತಪ್ಪ ತಪ್ಪ ಹೇಳ್ತಿದ್ಳು. ನಮ್ಮ ಅಣ್ಣ ಒಂದ್ ಕಾಲ ಕುಂಟತಿದ್ದ. ಎಡಗಾಲ ಅಂದ್ಳು ಅಕಿ. ನನಗ ಸಿಟ್ಟ ಬಂತು. ಬಲಗಾಲ ಅಂದೆ." ನೂಲನ್ನು ಹಲ್ಲಿನಿಂದ ಕಡಿದರು. "ಬೇಕಂತಲೇ ತಪ್ಪ ಹೇಳ್ಯಾಳರಿ. ಎಂಟ ತಿಂಗಳ ತಪ್ಪ ಹೇಳ್ಯಾಳ."

ಯಾವ ಪರೀಕ್ಷೆಯನ್ನೂ ಪಾಸು ಮಾಡದ, ನಾನು ಮುಖವನ್ನೂ ನೋಡಿರದ ಆ ಮಗಳ ಮೇಲೂ ನನಗೆ ಅಸೂಯೆಯಾಯಿತು. ತಡಮಾಡಿದರೆ ಹೇಳಲಾರೆನೆಂದು ತಲೆ ತಗ್ಗಿಸಿ ಹೇಳಿಬಿಟ್ಟೆ.

"ಅವತ್ತ ನಾ ಬರದದ್ದು ಸುಳ್ಳರಿ. ನಿಮ್ಮ ಗಂಟಲಕ್ಕ ಏನೂ ಆಗಿರ್ಲಿಲ್ಲ. ನನಗ ಗೊತ್ತಿತ್ತು."

"ನನಗೂ ಗೊತ್ತಿತ್ತು" ಎಂದರು. "ಲಕೋಟಿಗಿ ಗೋಂದ ಹಚ್ಚಿದಾಂವ ನಾನೇ. ಹಚ್ಚೋಕಿಂತ ಮೊದಲ ಓದೇನಿ. ನಿಮ್ಮ ಚೀಟಿ ಎರಡ ವರ್ಷ ಓದಿದಾಂವಗ ನಿಮ್ಮ ಅಕ್ಷರ ತಿಳ್ಯಂಗಿಲ್ಲೇನು?"

ಓದಿ, ಅಂಟಿಸಿ, ಬಸ್ಸು ಹತ್ತಿ, ತಾವೇ ಮುಟ್ಟಿಸಿ ಬಂದಿದ್ದರು. "ಮಾಫ್ ಮಾಡ್ರಿ" ಎಂದೆ.

"ಮಾಫ್ ಮಾಡಿಲ್ಲರಿ" ಎಂದರು, ಔಷಧಿ ತೀರಿದೆ ಎಂದು ಹೇಳುವ ಹಾಗೆ. "ಚಹಾ ಕುಡೀರಿ."

ಎದುರಿನ ಹೋಟೆಲಿನಿಂದ ಚಹಾ ಬಂತು. ಕುಡಿದೆವು. ನಾನು ಕೆಲಸ ತಿರುಗಿ ಕೊಡಿಸಲು ಬರೆಯುತ್ತೇನೆಂದೆ. ಬೇಡವೆಂದರು. ಮತ್ತೆ ಏನು ಮಾಡಲಿ ಎಂದೆ.

ಅವರು ಕೈಯಲ್ಲಿದ್ದ ಅಂಗಿಯನ್ನು ಮಡಚಿದರು, ಬಿಚ್ಚಿದರು.

"ಇನ್ನೊಂದ್ ಸರ್ಟಿಫಿಕೇಟ್ ಬರ್ದ ಕೊಡ್ರಿ. ನನಗ ಮಾತ ಯಾಕ ಹೋಗಿತ್ತು ಅಂತ. ಖರೇ ಕಾರಣ ಬರೀರಿ."

ಚೀಲದಿಂದ ದವಾಖಾನೆಯ ಮೊಹರಿನ ಕಾಗದ, ಪೆನ್ನು ತೆಗೆದೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಅವರು ಕೈ ಅಡ್ಡ ಹಿಡಿದರು.

"ಕನ್ನಡದಾಗ ಬರೀರಿ. ಆ ಊರವ್ರಿಗಿ ಓದ್ಲಿಕ್ಕಿ ಬರಬೇಕು."

ಅವರು ಹೇಳಿದರು, ನಾನು ಬರೆದೆ. ಅಣ್ಣನ ಹೆಸರು, ತಂದೆಯ ಹೆಸರು, ಊರು. ಅವನಿದ್ದ ಮನೆ, ಮನೆಯ ಹಿಂದಿನ ಬಾವಿ. ಬಾವಿಯಿಂದ ಅವನ ಹೆಣವನ್ನು ತಮ್ಮನಾದ ಇವರು ಒಬ್ಬರೇ ಹಗ್ಗ ಹಾಕಿ ಮೇಲೆತ್ತಿದ್ದು. ಯಾವ ಚಾವಡಿಯಲ್ಲೂ ಈ ಸಾವನ್ನು ಬರೆದುಕೊಂಡಿರಲಿಲ್ಲ, ಎರಡು ಸಲ ಹೋಗಿದ್ದರಂತೆ. ಸರ್ಕಾರದ ಮೊಹರು ಇರುವ ಕಾಗದದ ಮೇಲೆ ಆ ಹೆಸರು ಬಂದದ್ದು ಇದೇ ಮೊದಲು. ಕೊನೆಯಲ್ಲಿ, ಈ ಕಾರಣದಿಂದ ಇವರ ಮಾತು ನಿಂತಿತ್ತು, ಗಂಟಲಿನಲ್ಲಿ ಯಾವ ಕಾಯಿಲೆಯೂ ಇರಲಿಲ್ಲ, ಹಿಂದೆ ನಾನು ಬರೆದದ್ದು ಸರಿಯಲ್ಲ ಎಂದು ಬರೆದು ಸಹಿ ಹಾಕಿದೆ.

ಅವರು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಓದಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

"ಬಾವ್ಯಾಗ ಸತ್ತ ಅಂತ ಬರ್ದೀರಿ."

ಸರ್ಕಾರಿ ನೌಕರ ನಾನು. ಹೆಂಡತಿ, ಇಬ್ಬರು ಮಕ್ಕಳು. ಆ ಊರಿನವರಲ್ಲಿ ನನ್ನ ರೋಗಿಗಳೂ ಇದ್ದರು. ಪೆನ್ನು ಹಿಡಿದು ಕೂತೆ. ಅವರು ಅವಸರ ಮಾಡಲಿಲ್ಲ. ಮತ್ತೆ ಅಂಗಿಯನ್ನು ಕೈಗೆತ್ತಿಕೊಂಡು ಕಾಜಾ ಮಾಡತೊಡಗಿದರು.

ಆ ಮಾತನ್ನು ಹೊಡೆದು ಹಾಕಿ, ಮೇಲೆ 'ಕೊಂದರು' ಎಂದು ಬರೆದೆ. ಕಾಗದ ಕೊಟ್ಟೆ. ಅವರು ನೋಡಿ ತಿರುಗಿ ನನ್ನ ಮುಂದೆಯೇ ಇಟ್ಟರು.

"ತಿದ್ದಿದ ಕಡಿ ಇನ್ನೊಂದ್ ಸಹಿ ಬೇಕರಿ."

ನಾನು ಎರಡನೆಯ ಸಹಿ ಹಾಕಿದೆ.